98.6ರ ಎದುರು 148 ಜನ



ನಿಮ್ಮ ಮನೆಯಲ್ಲಿ ಪಾದರಸದ ಹಳೆಯ ಥರ್ಮಾಮೀಟರ್ ಇನ್ನೂ ಉಳಿದಿದ್ದರೆ, ಈ ಮಾತು ಮುಗಿದ ಮೇಲೆ ಅದನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿ. ಗಾಜಿನ ಮೇಲೆ ಸಾಲುಸಾಲಾಗಿ ಗೆರೆಗಳಿರುತ್ತವೆ. ನಡುವೆ ಒಂದು ಕಡೆ ಚಿಕ್ಕದೊಂದು ಬಾಣದ ಗುರುತು. ಫ್ಯಾರನ್‌ಹೀಟ್ ಲೆಕ್ಕದಲ್ಲಿ ಅದು ಸಾಮಾನ್ಯವಾಗಿ 98.6, ಬ್ರಿಟಿಷರ ರೂಢಿಯನ್ನು ಹಿಡಿದು ಮಾಡಿದವುಗಳಲ್ಲಿ 98.4. ಚಿಕ್ಕಂದಿನಲ್ಲಿ ನಮ್ಮ ದಿನದ ಹಣೆಬರಹವೆಲ್ಲ ಆ ಬಾಣದ ಕೈಯಲ್ಲಿತ್ತು. ಪಾದರಸ ಅದನ್ನು ದಾಟಿದರೆ ಗಂಜಿ ಮತ್ತು ಕಂಬಳಿ, ದಾಟದಿದ್ದರೆ ಶಾಲೆ. ಅಮ್ಮಂದಿರು ಅಂಗೈ ಹಿಂಭಾಗದಿಂದ ಹಣೆ ಮುಟ್ಟಿ ಕೊಟ್ಟ ತೀರ್ಪಿಗೂ ಆ ಗಾಜಿನ ಕಡ್ಡಿಯ ತೀರ್ಪಿಗೂ ಆಗಾಗ ಜಗಳ ಬೀಳುತ್ತಿತ್ತು. ಗೆಲ್ಲುತ್ತಿದ್ದವರು ಯಾರು ಎಂದು ನಿಮಗೂ ಗೊತ್ತು.

ಆರೋಗ್ಯವಂತ ಮನುಷ್ಯನ ಮೈಬಿಸಿ ಸರಾಸರಿ 98.6 ಡಿಗ್ರಿ ಅನ್ನುವುದು ಒಂದು ಹೇಳಿಕೆ. ಅದು ನಿಮ್ಮ ಬಗ್ಗೆಯೂ ಅಲ್ಲ, ನನ್ನ ಬಗ್ಗೆಯೂ ಅಲ್ಲ. ಆರೋಗ್ಯವಂತರಾದ ಎಲ್ಲ ಮನುಷ್ಯರ ಸರಾಸರಿಯ ಬಗ್ಗೆ. ಸಂಖ್ಯಾಶಾಸ್ತ್ರದವರು ಆ 'ಎಲ್ಲರನ್ನೂ' ಸಮಷ್ಟಿ ಎನ್ನುತ್ತಾರೆ. ಎಲ್ಲರ ನಾಲಿಗೆಯ ಕೆಳಗೂ ಥರ್ಮಾಮೀಟರ್ ಇಟ್ಟು ಬರುವುದು ಯಾರಿಂದಲೂ ಆಗದ ಕೆಲಸ. ಆದ್ದರಿಂದ ಕೆಲವರನ್ನು ಮಾತ್ರ ಅಳೆಯುತ್ತೇವೆ. ಅವರು ಮಾದರಿ. ಕೆಲವರನ್ನಷ್ಟೇ ನೋಡಿ ಎಲ್ಲರ ಬಗೆಗಿನ ಮಾತೊಂದನ್ನು ಒಪ್ಪಬೇಕೋ ಬಿಡಬೇಕೋ ಎಂದು ತೀರ್ಮಾನಿಸುವುದು ಹೇಗೆ ಅನ್ನುವುದೇ ಇವತ್ತಿನ ವಿಷಯ. ಬಾನುಲಿಯಲ್ಲಿ ಕರಿಹಲಗೆ ಇಲ್ಲ. ಹತ್ತಿರದಲ್ಲಿ ಒಂದು ಪೆನ್ಸಿಲ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ನಮಗೆ ಬೇಕಾಗುವುದು ಒಂದು ಕಳೆಯುವ ಲೆಕ್ಕ, ಎರಡು ಭಾಗಾಕಾರ, ಒಂದು ವರ್ಗಮೂಲ ಅಷ್ಟೇ.

ಮೊದಲು ಈ 98.6 ಎಲ್ಲಿಂದ ಬಂತು ನೋಡೋಣ. ಜರ್ಮನಿಯ ಲೈಪ್‌ಸಿಗ್‌ನಲ್ಲಿ ಕಾರ್ಲ್ ವುಂಡರ್ಲಿಷ್ ಎಂಬ ವೈದ್ಯರಿದ್ದರು. ಆಸ್ಪತ್ರೆಗೆ ಬಂದವರ ಮೈಬಿಸಿಯನ್ನು ದಿನಕ್ಕೆ ಹಲವು ಸಲ ಅಳೆದು ಬರೆದಿಡುವ ಪದ್ಧತಿಯನ್ನು ಬೆಳೆಸಿದವರಲ್ಲಿ ಅವರು ಮುಖ್ಯರು. ಆಗಿನ ಥರ್ಮಾಮೀಟರ್ ಒಂದು ಅಡಿಯಷ್ಟು ಉದ್ದ. ಅದನ್ನು ಕಂಕುಳಲ್ಲಿ ಹದಿನೈದು–ಇಪ್ಪತ್ತು ನಿಮಿಷ ಇಟ್ಟುಕೊಂಡು ಕೂರಬೇಕಾಗಿತ್ತು. ಹಾಗೆ ಸುಮಾರು 25,000 ಜನರಿಂದ ಹತ್ತು ಲಕ್ಷಕ್ಕೂ ಹೆಚ್ಚು ಅಳತೆಗಳು ಸೇರಿದವು ಎಂದು ಹೇಳಲಾಗಿದೆ. 1868ರಲ್ಲಿ ಅವರ ದೊಡ್ಡ ಪುಸ್ತಕ ಹೊರಬಂತು. ಆರೋಗ್ಯವಂತರ ಸರಾಸರಿ 37 ಡಿಗ್ರಿ ಸೆಲ್ಸಿಯಸ್, 38ರವರೆಗೆ ಹೋದರೂ ಸಹಜ ಎಂದು ಅದರಲ್ಲಿತ್ತು.

ಆ 37ನ್ನು ಫ್ಯಾರನ್‌ಹೀಟ್‌ಗೆ ತಿರುಗಿಸಿ ನೋಡಿ. ಒಂಬತ್ತರಿಂದ ಗುಣಿಸಿ, ಐದರಿಂದ ಭಾಗಿಸಿ, 32 ಕೂಡಿಸಿದರೆ 98.6 ಬರುತ್ತದೆ. ದಶಮಾಂಶದ ಆಚೆಗಿನ ಆ 'ಆರು' ಯಾರ ಮೈಯಿಂದಲೂ ಬಂದದ್ದಲ್ಲ, ಗುಣಾಕಾರದಿಂದ ಬಂದದ್ದು. 37 ಅಂದಾಗ 'ಸುಮಾರು' ಎಂಬ ಧ್ವನಿ ಇರುತ್ತದೆ, 98.6 ಅಂದಕೂಡಲೇ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿದಷ್ಟು ಖಚಿತವಾಗಿ ಕೇಳಿಸುತ್ತದೆ. ವುಂಡರ್ಲಿಷ್ ಅವರನ್ನು ದೂರುವುದು ಸರಿಯಲ್ಲ. ಬೆಳಗಿನ ಹೊತ್ತು ಮೈ ತಣ್ಣಗಿರುತ್ತದೆ, ಸಂಜೆಗೆ ಏರುತ್ತದೆ, ಹೆಂಗಸರಲ್ಲಿ ತುಸು ಹೆಚ್ಚು, ವಯಸ್ಸಾದವರಲ್ಲಿ ತುಸು ಕಡಿಮೆ ಎಂದು ಅವರೇ ಬರೆದಿದ್ದರು. ಅದನ್ನೆಲ್ಲ ಬಿಟ್ಟು ಒಂದೇ ಅಂಕಿಯನ್ನು ಎತ್ತಿಕೊಂಡು ಗಾಜಿನ ಮೇಲೆ ಬಾಣ ಹಾಕಿದವರು ನಂತರದವರು.

ಅಲ್ಲಿಂದ ನೂರಿಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ಅಂಕಿ ಪಠ್ಯಪುಸ್ತಕದಿಂದ ಪಠ್ಯಪುಸ್ತಕಕ್ಕೆ ನಡೆದುಕೊಂಡು ಬಂತು. 1992ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಫಿಲಿಪ್ ಮ್ಯಾಕೊವಿಯಾಕ್ ಎಂಬ ವೈದ್ಯರು ಇಬ್ಬರು ಸಂಗಡಿಗರೊಡನೆ ಅದನ್ನು ಪರೀಕ್ಷೆಗೆ ಒಡ್ಡಿದರು. 18ರಿಂದ 40 ವರ್ಷದೊಳಗಿನ 148 ಆರೋಗ್ಯವಂತರು. ನಾಲಿಗೆಯ ಕೆಳಗೆ ಎಲೆಕ್ಟ್ರಾನಿಕ್ ಥರ್ಮಾಮೀಟರ್. ಒಟ್ಟು 700 ಅಳತೆ. ಸರಾಸರಿ ಬಂದದ್ದು 98.2. ಕರಾರುವಾಕ್ಕಾಗಿ 98.6 ಎಂದು ತೋರಿಸಿದ್ದು 700ರಲ್ಲಿ 56 ಅಳತೆಗಳು ಮಾತ್ರ.

ಇಲ್ಲಿ ಯಾರಿಗಾದರೂ ಬರುವ ಅನುಮಾನ ನನಗೂ ಕೇಳಿಸುತ್ತಿದೆ. ಒಂದು ಕಡೆ ಹತ್ತು ಲಕ್ಷ ಅಳತೆ, ಇನ್ನೊಂದು ಕಡೆ 148 ಜನ. ಅಂತರವೋ ಡಿಗ್ರಿಯ ಹತ್ತರಲ್ಲಿ ನಾಲ್ಕು ಭಾಗ. ಇಷ್ಟಕ್ಕೇ ಹಳೆಯದನ್ನು ಬಿಡುವುದೇ? ಆ 148 ಜನ ಆಕಸ್ಮಿಕವಾಗಿ ತಂಪು ಮೈಯವರೇ ಸಿಕ್ಕಿದ್ದರೆ?

ಸರಿಯಾದ ಪ್ರಶ್ನೆ. ಸಂಖ್ಯಾಶಾಸ್ತ್ರ ಕೈ ಹಾಕುವುದು ಇಲ್ಲೇ. ಅದು ಕೇಳುವ ಮೊದಲ ವಿವರ ಸರಾಸರಿ ಅಲ್ಲ; ಅಳತೆಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಅನ್ನುವುದು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಸಾಕು ಅನ್ನುತ್ತೇವಲ್ಲ, ಆ ಮಾತು ಇಲ್ಲಿ ನಡೆಯುವುದಿಲ್ಲ. ಒಂದೇ ಪಾತ್ರೆಯ ಅಕ್ಕಿ ಒಂದೇ ಹದಕ್ಕೆ ಬೇಯುತ್ತದೆ ಎಂಬ ಭರವಸೆಯ ಮೇಲೆ ನಿಂತ ಗಾದೆ ಅದು. ಮನುಷ್ಯರು ಹಾಗೆ ಒಂದೇ ಹದದವರಲ್ಲ. ಬಾಲ್ಟಿಮೋರಿನ ಅಳತೆಗಳು 96ರಿಂದ 100.8ರವರೆಗೆ ಹರಡಿದ್ದವು. ಈ ಹರಡುವಿಕೆಗೆ ಒಂದು ಅಳತೆಗೋಲಿದೆ. ಕಾಲೇಜಿನಲ್ಲಿ ಮಾನಕ ವಿಚಲನೆ ಎಂದು ಕಲಿಸುತ್ತಾರೆ. ಅದು ಇಲ್ಲಿ 0.7 ಡಿಗ್ರಿ. ಅಂದರೆ ಯಾವುದೋ ಒಂದು ಅಳತೆಯನ್ನು ಎತ್ತಿಕೊಂಡರೆ ಅದು ಸರಾಸರಿಯಿಂದ ಮುಕ್ಕಾಲು ಡಿಗ್ರಿಯಷ್ಟು ಆಚೀಚೆ ಇರುವುದು ತೀರ ಸಾಮಾನ್ಯ.

ಹಾಗಾದರೆ ಅನುಮಾನ ಇನ್ನೂ ಬಲವಾಯಿತಲ್ಲ? ಒಬ್ಬೊಬ್ಬರೂ 0.7ರಷ್ಟು ಓಲಾಡುವಾಗ 0.4ರ ಅಂತರ ಯಾವ ಲೆಕ್ಕ?

ಒಬ್ಬ ಮನುಷ್ಯನ ಓಲಾಟವೇ ಬೇರೆ, 148 ಜನರ ಸರಾಸರಿಯ ಓಲಾಟವೇ ಬೇರೆ. ಮ್ಯಾಕೊವಿಯಾಕ್ ಅವರು ಬೇರೆ 148 ಜನರನ್ನು ಕರೆದು ಇದೇ ಕೆಲಸವನ್ನು ಮತ್ತೊಮ್ಮೆ ಮಾಡಿದ್ದರು ಎಂದುಕೊಳ್ಳಿ; ಆಮೇಲೆ ಮತ್ತೆ ಬೇರೆ 148 ಜನ, ಮತ್ತೆ ಬೇರೆಯವರು. ಪ್ರತಿ ಗುಂಪಿಗೂ ಒಂದು ಸರಾಸರಿ ಬರುತ್ತದೆ. ಗುಂಪಿನಲ್ಲಿ ಬಿಸಿ ಮೈಯವರೂ ಇರುತ್ತಾರೆ, ತಂಪು ಮೈಯವರೂ ಇರುತ್ತಾರೆ. ಒಬ್ಬರ ಏರು ಇನ್ನೊಬ್ಬರ ಇಳಿವಿನಲ್ಲಿ ಕರಗಿಹೋಗುತ್ತದೆ. ಹಾಗಾಗಿ ಆ ಸರಾಸರಿಗಳು ಒಂದಕ್ಕೊಂದು ತುಂಬ ಹತ್ತಿರ ಇರುತ್ತವೆ. ಎಷ್ಟು ಹತ್ತಿರ ಎಂದು ತಿಳಿಯಲು ಅಷ್ಟೊಂದು ಗುಂಪುಗಳನ್ನು ನಿಜವಾಗಿ ಕರೆಯಬೇಕಾಗಿಲ್ಲ. ಒಂದೇ ಗುಂಪಿನ ಮಾನಕ ವಿಚಲನೆಯನ್ನು ಜನರ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದರೆ ಸಾಕು. ಒಮ್ಮೆಯೂ ಮಾಡದ ಪ್ರಯೋಗಗಳ ಫಲಿತಾಂಶ ಎಷ್ಟು ಓಲಾಡುತ್ತಿತ್ತು ಎಂಬುದು ಮಾಡಿದ ಒಂದೇ ಪ್ರಯೋಗದ ಒಳಗೇ ಅಡಗಿದೆ. ಪಾಠ ಮಾಡುವಾಗ ಪ್ರತಿ ಸಲವೂ ನನಗೆ ಬೆರಗು ಹುಟ್ಟಿಸುವ ಜಾಗ ಇದು. ವಿದ್ಯಾರ್ಥಿಗಳಿಗೆ ಅಷ್ಟೇನೂ ಹುಟ್ಟುವುದಿಲ್ಲ; ಅವರಿಗೆ ಸೂತ್ರ ಬರೆದುಕೊಳ್ಳುವ ಆತುರ.

ಲೆಕ್ಕ ಹಾಕೋಣ. ನೂರನಲವತ್ತೆಂಟರ ವರ್ಗಮೂಲ ಹನ್ನೆರಡಕ್ಕಿಂತ ಒಂದಿಷ್ಟು ಹೆಚ್ಚು. 0.7ನ್ನು ಅದರಿಂದ ಭಾಗಿಸಿದರೆ 0.06 ಡಿಗ್ರಿಗಿಂತ ತುಸು ಕಡಿಮೆ. ಇದು ಮಾನಕ ದೋಷ. ಸರಾಸರಿಯ ಸಹಜ ಓಲಾಟ ಇಷ್ಟೇ.

ಈಗ ವಾದದ ಕ್ರಮವನ್ನು ಗಮನಿಸಿ, ಏಕೆಂದರೆ ಅದು ತುಸು ವಕ್ರವಾಗಿದೆ. 98.6 ತಪ್ಪು ಎಂದು ನಾವು ಹೊರಡುವುದಿಲ್ಲ. ಅದು ನಿಜ ಎಂದೇ ಒಪ್ಪಿಕೊಂಡು ಹೊರಡುತ್ತೇವೆ. ಇದಕ್ಕೆ ಶೂನ್ಯ ಊಹೆ ಎಂಬ ಹೆಸರು: ಏನೂ ಬದಲಾಗಿಲ್ಲ, ಹಳೆಯ ಅಂಕಿಯೇ ಸರಿ ಎಂಬ ಊಹೆ. ಅದು ನಿಜವಾಗಿದ್ದರೆ 148 ಜನರ ಗುಂಪುಗಳ ಸರಾಸರಿ ಎಲ್ಲಿ ಬೀಳಬೇಕಾಗಿತ್ತು? ನೂರರಲ್ಲಿ ತೊಂಬತ್ತೈದು ಸಲ 98.6ರಿಂದ ಎರಡು ಮಾನಕ ದೋಷದೊಳಗೆ, ಅಂದರೆ ಸುಮಾರು 98.5 ಮತ್ತು 98.7ರ ನಡುವೆ. ಬಂದದ್ದು 98.2. ಅಂತರ 0.4. ಅದನ್ನು ಮಾನಕ ದೋಷದಿಂದ ಭಾಗಿಸಿದರೆ ಸುಮಾರು ಏಳು. ಎರಡು ಹೆಜ್ಜೆಯೊಳಗೆ ಇರಬೇಕಾಗಿದ್ದದ್ದು ಏಳು ಹೆಜ್ಜೆ ಆಚೆ ಹೋಗಿ ನಿಂತಿದೆ. ಹಳೆಯ ಅಂಕಿ ನಿಜವಾಗಿದ್ದು, ಬರೀ ಆಕಸ್ಮಿಕದಿಂದ ಇಷ್ಟು ದೂರ ಹೋಗುವ ಸಾಧ್ಯತೆ ನೂರು ಕೋಟಿಯಲ್ಲಿ ಒಂದಕ್ಕಿಂತಲೂ ಕಡಿಮೆ. ಆ ಆಕಸ್ಮಿಕವನ್ನು ನಂಬುವುದಕ್ಕಿಂತ ಊಹೆಯನ್ನು ಕೈಬಿಡುವುದು ಮೇಲು. ಪರೀಕ್ಷೆ ಅಂದರೆ ಇಷ್ಟೇ.

ಇದೇ 0.4ರ ಅಂತರ ಹತ್ತು ಜನರ ಮೇಲೆ ಮಾಡಿದ ಅಳತೆಯಿಂದ ಬಂದಿದ್ದರೆ? ನಿಮ್ಮ ಮನೆಯ ಹತ್ತು ಮಂದಿಯನ್ನು ಅಳೆದಿರಿ, ಸರಾಸರಿ 98.2 ಬಂತು, ಚದುರುವಿಕೆ ಅದೇ 0.7. ಹತ್ತರ ವರ್ಗಮೂಲ ಮೂರು ಚಿಲ್ಲರೆ. ಮಾನಕ ದೋಷ 0.22. ಭಾಗಿಸಿದರೆ 1.8. ಊಹೆಯನ್ನು ಕೈಬಿಡಬೇಕಾದರೆ ಹತ್ತು ಜನರ ಗುಂಪಿಗೆ ಇದು 2.26 ಆದರೂ ಆಗಬೇಕಿತ್ತು. ಆಗಲಿಲ್ಲ. ಹಾಗೆಂದು 98.6 ಗೆದ್ದಿತೇ? ಅದೂ ಇಲ್ಲ. ಅದೇ ಹತ್ತು ಜನರ ಅಳತೆಯನ್ನು ಹಿಡಿದುಕೊಂಡು 'ಸರಾಸರಿ 98' ಎಂಬ ಊಹೆಯನ್ನು ಪರೀಕ್ಷಿಸಿ ನೋಡಿ, ಅದೂ ಉಳಿದುಕೊಳ್ಳುತ್ತದೆ. 98.4 ಎಂಬ ಬ್ರಿಟಿಷರ ಅಂಕಿಯೂ ಉಳಿದುಕೊಳ್ಳುತ್ತದೆ. ಒಂದಕ್ಕೊಂದು ಒಪ್ಪದ ಮೂರು ಊಹೆಗಳು ಒಂದೇ ಪರೀಕ್ಷೆಯಲ್ಲಿ ಪಾಸಾದವು ಅಂದರೆ ಆ ಪರೀಕ್ಷೆಗೆ ಯಾರನ್ನೂ ನಪಾಸು ಮಾಡುವ ಶಕ್ತಿ ಇರಲಿಲ್ಲ ಎಂದರ್ಥ. 'ಈ ಔಷಧದಿಂದ ಪರಿಣಾಮ ಇಲ್ಲವೆಂದು ಸಂಶೋಧನೆ ಸಾಬೀತು ಮಾಡಿದೆ' ಎಂದು ಪತ್ರಿಕೆಯಲ್ಲಿ ಓದಿದಾಗಲೆಲ್ಲ ನಾನು ಮೊದಲು ಹುಡುಕುವುದು ಎಷ್ಟು ಜನರ ಮೇಲೆ ಎಂಬ ವಿವರವನ್ನು. ಬಹಳ ಸಲ ಅದು ಕೊನೆಯ ಸಾಲಿನಲ್ಲಿರುತ್ತದೆ, ಇಲ್ಲವೇ ಇರುವುದೇ ಇಲ್ಲ.

148 ಜನರಿಗೆ 'ಸುಮಾರು ಎರಡು' ಎಂಬ ಗಡಿ, ಹತ್ತು ಜನರಿಗೆ 2.26 ಏಕೆ ಎಂದು ಕೇಳುವವರು ಇದ್ದೇ ಇರುತ್ತೀರಿ. ಅದರ ಹಿಂದೆ ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯ ಒಬ್ಬ ರಸಾಯನಶಾಸ್ತ್ರಜ್ಞರಿದ್ದಾರೆ. ಹೆಸರು ವಿಲಿಯಂ ಸೀಲಿ ಗಾಸೆಟ್. ಬಾರ್ಲಿ, ಹಾಪ್ಸ್‌ಗಳ ಗುಣವನ್ನು ತೂಗಿ ನೋಡುವುದು ಅವರ ಕೆಲಸ. ಅಲ್ಲಿ ಕೈಗೆ ಸಿಗುತ್ತಿದ್ದುದು ನಾಲ್ಕೋ ಐದೋ ಹತ್ತೋ ಅಳತೆ. ಆಗಿನ ಸಿದ್ಧಾಂತವೆಲ್ಲ ಸಾವಿರಗಟ್ಟಲೆ ಅಳತೆ ಇರುವವರಿಗಾಗಿ ಬರೆದದ್ದು. ಅಳತೆಗಳು ಕಡಿಮೆಯಾದಾಗ ಸರಾಸರಿ ಓಲಾಡುವುದಷ್ಟೇ ಅಲ್ಲ, ಚದುರುವಿಕೆಯ ಲೆಕ್ಕವೂ ನಂಬುವಂತಿರುವುದಿಲ್ಲ ಎಂಬುದು ಗಾಸೆಟ್ ಅವರಿಗೆ ಅನುಭವದಿಂದ ಗೊತ್ತಿತ್ತು. ಅದಕ್ಕೆ ತಕ್ಕಂತೆ ಗಡಿಯನ್ನು ಎಷ್ಟು ಹಿಗ್ಗಿಸಬೇಕು ಎಂದು ಗಣಿತದಿಂದ ಕಂಡುಕೊಂಡರು. ಗಣಿತದಿಂದ ಉತ್ತರ ಸಿಗುವ ಮೊದಲೇ ಅದನ್ನು ಕೈಯಾರೆ ಪ್ರಯೋಗ ಮಾಡಿಯೂ ನೋಡಿದ್ದರು. ಮೂರು ಸಾವಿರ ಕೈದಿಗಳ ಎತ್ತರ ಮತ್ತು ಎಡಗೈ ನಡುಬೆರಳಿನ ಉದ್ದ ಅಚ್ಚಾಗಿದ್ದ ಪಟ್ಟಿಯೊಂದಿತ್ತು. ಅದನ್ನು ಮೂರು ಸಾವಿರ ರಟ್ಟಿನ ಚೀಟಿಗಳಿಗೆ ಇಳಿಸಿ, ಚೆನ್ನಾಗಿ ಕಲಸಿ, ನಾಲ್ಕು ನಾಲ್ಕರ 750 ಗುಂಪುಗಳನ್ನಾಗಿ ಮಾಡಿ, ಪ್ರತಿ ಗುಂಪಿಗೂ ಲೆಕ್ಕ ಹಾಕಿದರು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದು ಎಂಥ ತಾಳ್ಮೆಯ ಕೆಲಸ ಎಂದು ಯೋಚಿಸಿ. ನೌಕರರು ತಮ್ಮ ಹೆಸರಿನಲ್ಲಿ ಸಂಶೋಧನೆ ಪ್ರಕಟಿಸಲು ಕಂಪನಿಯ ಒಪ್ಪಿಗೆ ಇರಲಿಲ್ಲ. ಅದಕ್ಕೇ 1908ರ ಆ ಪ್ರಬಂಧ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಬಂತು. ಇವತ್ತಿಗೂ ಪದವಿ ತರಗತಿಗಳಲ್ಲಿ ಅದು ಸ್ಟೂಡೆಂಟ್ಸ್ ಟಿ-ಪರೀಕ್ಷೆ. ವಿದ್ಯಾರ್ಥಿಗಳಿಗಾಗಿ ಮಾಡಿದ ಸುಲಭದ ಪರೀಕ್ಷೆ ಎಂದು ತಿಳಿದು ಸಂತೋಷಪಟ್ಟವರೂ ಇದ್ದಾರೆ.

ಆಗ ಹೇಳಿದ ತೊಂಬತ್ತೈದರ ಆಚೆ ಉಳಿಯುವ ನೂರರಲ್ಲಿ ಐದು, ಅಂದರೆ ಇಪ್ಪತ್ತರಲ್ಲಿ ಒಂದು ಎಂಬ ಗಡಿಯನ್ನು ರೂಢಿಗೆ ತಂದವರು ಇಂಗ್ಲೆಂಡಿನ ರೊನಾಲ್ಡ್ ಫಿಷರ್, 1925ರ ತಮ್ಮ ಪುಸ್ತಕದಲ್ಲಿ. ಅದರಲ್ಲಿ ದೈವಲಿಖಿತ ಏನೂ ಇಲ್ಲ. ಅನುಕೂಲಕ್ಕೆ ಇಟ್ಟುಕೊಂಡ ಗೆರೆ ಅದು. ನಿಜವಾದ ಊಹೆಗಳನ್ನೇ ಇಪ್ಪತ್ತು ಸಲ ಪರೀಕ್ಷಿಸಿದರೆ ಸರಾಸರಿ ಒಂದನ್ನು ವಿನಾಕಾರಣ ತಳ್ಳಿಹಾಕುತ್ತೇವೆ ಎಂಬ ಕರಾರಿನ ಮೇಲೆಯೇ ಅದು ನಿಂತಿದೆ. ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರು ಕೇಂಬ್ರಿಜ್‌ನಲ್ಲಿ ಇದೇ ಫಿಷರ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದರು. ಊಹೆಗಳನ್ನು ಪರೀಕ್ಷಿಸಲು 1948ರಲ್ಲಿ ಅವರು ಕೊಟ್ಟ ಇನ್ನೊಂದು ವಿಧಾನ ಇವತ್ತು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅದು ಬೇರೆಯದೇ ಒಂದು ಭಾಷಣಕ್ಕೆ ಆಗುವಷ್ಟು ವಿಷಯ.

ಈಗ ಮತ್ತೆ ಬಾಲ್ಟಿಮೋರಿನ ಲೆಕ್ಕಕ್ಕೆ ಬರೋಣ. ನಾನು ಲೆಕ್ಕ ಹಾಕುವಾಗ 148ರ ವರ್ಗಮೂಲ ತೆಗೆದೆ. ಆದರೆ ಅಳತೆಗಳು 700 ಇದ್ದವಲ್ಲ, ಅದರ ವರ್ಗಮೂಲವನ್ನೇ ತೆಗೆದುಕೊಳ್ಳಬಹುದಿತ್ತಲ್ಲ? ಹಾಗೆ ಮಾಡಿದರೆ ಮಾನಕ ದೋಷ ಇನ್ನೂ ಚಿಕ್ಕದಾಗಿ, ಏಳರ ಬದಲು ಹದಿನೈದು ಬರುತ್ತದೆ. ಕಣ್ಣು ಕೋರೈಸುವ ಅಂಕಿ. ಆದರೆ ಅದು ಸಲ್ಲದು. ತಂಪು ಮೈಯ ಒಬ್ಬ ಹುಡುಗನನ್ನು ಐದು ಸಲ ಅಳೆದರೆ ಐದು ಜನರ ಸುದ್ದಿ ಸಿಗುವುದಿಲ್ಲ. ಒಬ್ಬನ ಸುದ್ದಿಯೇ ಐದು ಸಲ ಸಿಗುತ್ತದೆ. ವರ್ಗಮೂಲದ ಆ ಮಾಯೆ ನಡೆಯುವುದು ಒಂದು ಅಳತೆಗೂ ಇನ್ನೊಂದಕ್ಕೂ ನಂಟು ಇಲ್ಲದಿರುವಾಗ ಮಾತ್ರ. ಹಾಗಾಗಿ ನಾನು ತಲೆಗಳನ್ನು ಎಣಿಸಿದೆ, ಅಳತೆಗಳನ್ನು ಎಣಿಸಲಿಲ್ಲ. ಇದು ಕೈ ಬಿಗಿಹಿಡಿದ ಲೆಕ್ಕ. ಹಾಗೆ ಹಿಡಿದರೂ ಏಳು ಬಂತು ಅನ್ನುವುದರಲ್ಲೇ ಆ ಫಲಿತಾಂಶದ ಬಲ ಇದೆ. ಒಂದೇ ಹೊಲದ ಹತ್ತು ಮೂಲೆಯ ಮಣ್ಣನ್ನು ಹತ್ತು ಹೊಲಗಳ ಮಣ್ಣೆಂದು ಎಣಿಸುವುದು, ಒಂದೇ ತರಗತಿಯ ಮಕ್ಕಳ ಅಂಕಗಳಿಂದ ಇಡೀ ತಾಲ್ಲೂಕಿನ ಮಾತಾಡುವುದು, ಇವೆಲ್ಲ ಇದೇ ಜಾತಿಯ ತಪ್ಪುಗಳು. ನಾನು ಕಂಡ ವರದಿಗಳಲ್ಲಿ ಲೆಕ್ಕ ಎಡವುವುದು ಸೂತ್ರದಲ್ಲಿ ಅಪರೂಪ, ಈ ಎಣಿಕೆಯಲ್ಲಿ ಹೆಚ್ಚು.

ಆ 148 ಜನ ಯಾರು ಅನ್ನುವುದೂ ಮುಖ್ಯ. ಅವರು ಬಾಲ್ಟಿಮೋರಿನ ಲಸಿಕೆ ಪ್ರಯೋಗಗಳಿಗೆ ತಾವಾಗಿ ಬಂದ ಸ್ವಯಂಸೇವಕರು. 122 ಗಂಡಸರು, 26 ಹೆಂಗಸರು. ಹೆಂಗಸರ ಸರಾಸರಿ 98.4, ಗಂಡಸರದು 98.1. ಇಲ್ಲಿಯೇ ಒಂದು ಆಕ್ಷೇಪ ಎತ್ತಬಹುದು: ಹೆಂಗಸರು ಕಡಿಮೆ ಇದ್ದುದರಿಂದಲೇ ಒಟ್ಟು ಸರಾಸರಿ ಕೆಳಗಿಳಿಯಿತೇನೋ? ಸರಿ, ಅರ್ಧಕ್ಕರ್ಧ ಇದ್ದರು ಎಂದುಕೊಳ್ಳೋಣ. ಆಗ ಸರಾಸರಿ 98.25 ಆಗುತ್ತಿತ್ತು. 98.6 ಇನ್ನೂ ದೂರವೇ. ಈ ಆಕ್ಷೇಪ ನಿಲ್ಲಲಿಲ್ಲ. ಆದರೆ ನಲವತ್ತು ದಾಟಿದವರ ಬಗ್ಗೆ, ಮಕ್ಕಳ ಬಗ್ಗೆ, ಬೇರೆ ದೇಶದವರ ಬಗ್ಗೆ ಆ ಅಳತೆ ಏನನ್ನೂ ಹೇಳುವುದಿಲ್ಲ. ಎಷ್ಟೇ ದೊಡ್ಡ 'ಏಳು' ಬಂದರೂ ಮಾದರಿಯಲ್ಲಿ ಇಲ್ಲದವರ ಪರವಾಗಿ ಅದು ಸಾಕ್ಷಿ ನುಡಿಯಲಾರದು.

ಇನ್ನು ಹತ್ತು ಲಕ್ಷದ ಮಾತಿಗೆ ಬರುತ್ತೇನೆ. ಅಷ್ಟೊಂದು ಅಳತೆ ಮಾಡಿದವರಿಗೆ ಸಿಕ್ಕಿದ ಅಂಕಿಯನ್ನು 148 ಜನ ಅಲುಗಿಸಿದ್ದು ಹೇಗೆ? ವರ್ಗಮೂಲದಿಂದ ಭಾಗಿಸುತ್ತ ಹೋದರೆ ಕಡಿಮೆಯಾಗುವುದು ಆಕಸ್ಮಿಕದ ಓಲಾಟ ಮಾತ್ರ. ಥರ್ಮಾಮೀಟರೇ ಒಂದು ಡಿಗ್ರಿ ಹೆಚ್ಚು ತೋರಿಸುತ್ತಿದ್ದರೆ ಹತ್ತು ಲಕ್ಷ ಸಲ ಅಳೆದರೂ ಅದು ಒಂದು ಡಿಗ್ರಿ ಹೆಚ್ಚನ್ನೇ ಹತ್ತು ಲಕ್ಷ ಸಲ ಹೇಳುತ್ತದೆ. ವುಂಡರ್ಲಿಷ್ ಬಳಸಿದ್ದೆಂದು ಹೇಳುವ ಒಂದು ಥರ್ಮಾಮೀಟರ್ ಫಿಲಡೆಲ್ಫಿಯಾದ ಮ್ಯೂಟರ್ ವಸ್ತುಸಂಗ್ರಹಾಲಯದಲ್ಲಿ ಉಳಿದಿದೆ. ಮ್ಯಾಕೊವಿಯಾಕ್ ಅದನ್ನೂ ಹುಡುಕಿಕೊಂಡು ಹೋಗಿ ಪರೀಕ್ಷಿಸಿದರು. ಈಗಿನ ಥರ್ಮಾಮೀಟರುಗಳಿಗಿಂತ ಅದು ಹೆಚ್ಚು ಬಿಸಿಯನ್ನು ತೋರಿಸುತ್ತಿತ್ತು. ಒಂದೇ ಕಡ್ಡಿಯಿಂದ ಇಡೀ ಕಥೆಯನ್ನು ಹೇಳಲಾಗದು, ನಿಜ. ಕಂಕುಳಿನ ಅಳತೆಯನ್ನು ನಾಲಿಗೆಯ ಕೆಳಗಿನ ಅಳತೆಗೆ ನೇರವಾಗಿ ಹೋಲಿಸಲೂ ಆಗದು. ಒಂದೇ ಕಡೆಗೆ ವಾಲುವ ದೋಷವನ್ನು ಸಂಖ್ಯೆಯ ಬಲದಿಂದ ಓಡಿಸಲು ಬರುವುದಿಲ್ಲ ಎಂಬುದನ್ನು ತೋರಿಸಲು ಮಾತ್ರ ಅದು ಸಾಕು.

ಸರಿ, ಊಹೆ ಬಿತ್ತು. ಬಿದ್ದುದರಿಂದ ನಿಮಗೆ, ನನಗೆ ಆದದ್ದೇನು? ಪರೀಕ್ಷೆ ಹೇಳಿದ್ದು 'ಸರಾಸರಿ 98.6 ಅಲ್ಲ' ಎಂದು. ಆ ವ್ಯತ್ಯಾಸ ದೊಡ್ಡದೇ ಚಿಕ್ಕದೇ, ಅದಕ್ಕೆ ಬೆಲೆ ಕೊಡಬೇಕೇ ಬೇಡವೇ ಎಂದು ಅದು ಹೇಳಲಿಲ್ಲ, ಹೇಳಲೂ ಆರದು. ಡಿಗ್ರಿಯ ಹತ್ತರಲ್ಲಿ ನಾಲ್ಕು ಭಾಗದ ಅಂತರಕ್ಕೆ ಯಾವ ವೈದ್ಯರೂ ಔಷಧ ಬದಲಿಸುವುದಿಲ್ಲ. ಬೆಳಿಗ್ಗೆ ಆರಕ್ಕೂ ಸಂಜೆ ನಾಲ್ಕರಿಂದ ಆರಕ್ಕೂ ನಿಮ್ಮ ಮೈಯಲ್ಲೇ ಅದಕ್ಕಿಂತ ಹೆಚ್ಚಿನ ಏರಿಳಿತ ಆಗಬಹುದು. ಜ್ವರ ಎಂದು ಕರೆಯಲು ಬೇಕಾದದ್ದು ಸರಾಸರಿಯೇ ಅಲ್ಲ, ಸಹಜದ ಮೇಲಂಚು. 1992ರ ಪ್ರಬಂಧ ಅದನ್ನೂ ಕೊಟ್ಟಿತು: ಬೆಳಗಿನ ಜಾವಕ್ಕೆ 98.9, ಒಟ್ಟಾರೆ ದಿನಕ್ಕೆ 99.9. ಆದರೂ ಆಸ್ಪತ್ರೆಗಳಲ್ಲಿ ಇಂದಿಗೂ ಹೆಚ್ಚಾಗಿ ಕೇಳಿಬರುವ ಗಡಿ 100.4. ಅದನ್ನು ಸೆಲ್ಸಿಯಸ್‌ಗೆ ತಿರುಗಿಸಿ ನೋಡಿ, ಸರಿಯಾಗಿ 38. ವುಂಡರ್ಲಿಷ್ ಹೇಳಿದ ಮೇಲಂಚು. ಸರಾಸರಿಯನ್ನು ಪದಚ್ಯುತಗೊಳಿಸಿದರೂ ಮುದುಕ ಇನ್ನೊಂದು ಬಾಗಿಲಿನಿಂದ ಒಳಗೇ ಇದ್ದಾನೆ.

ಕಥೆ ಇಲ್ಲಿಗೂ ನಿಲ್ಲಲಿಲ್ಲ. 2020ರಲ್ಲಿ ಸ್ಟ್ಯಾನ್‌ಫರ್ಡ್‌ನ ಜೂಲಿ ಪಾರ್ಸನೆಟ್ ಮತ್ತು ಸಂಗಡಿಗರು ಅಮೆರಿಕದ 6,77,423 ಅಳತೆಗಳನ್ನು ಒಟ್ಟುಗೂಡಿಸಿದರು. ಅದರಲ್ಲಿ ಅಂತರ್ಯುದ್ಧದ ಕಾಲದ ಸೈನಿಕರ ಹಳೆಯ ದಾಖಲೆಗಳೂ ಇದ್ದವು, ಈಗಿನ ಆಸ್ಪತ್ರೆಯ ದಾಖಲೆಗಳೂ ಇದ್ದವು. ಹುಟ್ಟಿದ ದಶಕ ಒಂದೊಂದು ಮುಂದೆ ಹೋದಂತೆ ಸರಾಸರಿ 0.03 ಡಿಗ್ರಿ ಸೆಲ್ಸಿಯಸ್ ಇಳಿಯುತ್ತ ಬಂದಿತ್ತು. ಹಳೆಯ ಥರ್ಮಾಮೀಟರಿನ ದೋಷ ಇರಬಹುದಲ್ಲ ಎಂಬ ಅನುಮಾನಕ್ಕೆ ಅವರ ಉತ್ತರ ಚೆನ್ನಾಗಿದೆ: ಸೈನಿಕರ ದಾಖಲೆಯೊಳಗೇ, ಒಂದೇ ಕಾಲದ ಉಪಕರಣಗಳಿಂದ ಅಳೆದವರಲ್ಲೇ, ಮುಂಚೆ ಹುಟ್ಟಿದವರು ಹೆಚ್ಚು ಬಿಸಿ, ನಂತರ ಹುಟ್ಟಿದವರು ಕಡಿಮೆ. ದೀರ್ಘಕಾಲ ಕಾಡುತ್ತಿದ್ದ ಸೋಂಕುಗಳು, ಉರಿಯೂತಗಳು ಕಡಿಮೆಯಾಗಿದ್ದು ಕಾರಣ ಇರಬಹುದು ಎಂಬುದು ಅವರ ಅಭಿಪ್ರಾಯ. ಅದೇ ವರ್ಷ ಬೊಲಿವಿಯಾದ ಕಾಡಿನಂಚಿನ ಚಿಮಾನೆ ಜನರ ಬಗ್ಗೆ ಬಂದ ಅಧ್ಯಯನದಲ್ಲಿ ಎರಡು ದಶಕದೊಳಗೇ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್ ಇಳಿದಿತ್ತು. ಅಂದರೆ 1868ರ 37 ಆ ಕಾಲದ ಲೈಪ್‌ಸಿಗ್‌ಗೆ ಹತ್ತಿರ ಹತ್ತಿರ ಸರಿಯಾಗಿಯೇ ಇದ್ದಿರಬಹುದು. ನಾವು ಸಮಷ್ಟಿ ಅನ್ನುವಾಗ ಯಾವ ಊರು ಎಂದು ಹೇಳಿದರೆ ಸಾಲದು, ಯಾವ ಕಾಲ ಎಂದೂ ಹೇಳಬೇಕಾಗುತ್ತದೆ.

ಹಾಗಾದರೆ ಕರ್ನಾಟಕದಲ್ಲಿ ಈ ಪರೀಕ್ಷೆ ನಡೆಸುವುದಾದರೆ ಏನೇನು ಬೇಕು? ಮೇ ತಿಂಗಳ ರಾಯಚೂರೋ ಜುಲೈ ತಿಂಗಳ ಮಡಿಕೇರಿಯೋ ಎಂದು ಮೊದಲೇ ನಿರ್ಧರಿಸಿಕೊಳ್ಳಬೇಕು, ಇಲ್ಲವೇ ಎರಡನ್ನೂ ಸೇರಿಸಿಕೊಳ್ಳಬೇಕು. ಆಸ್ಪತ್ರೆಗೆ ಬಂದವರನ್ನು ಹಿಡಿಯಬಾರದು. ಬಂದದ್ದೇ ಮೈ ಸರಿಯಿಲ್ಲದೆ. ಮತದಾರರ ಪಟ್ಟಿಯಂಥ ಯಾವುದಾದರೂ ಪಟ್ಟಿಯಿಂದ ಚೀಟಿ ಎತ್ತಿದಂತೆ ಹೆಸರು ಆರಿಸಬೇಕು. ಎಲ್ಲರಿಗೂ ಒಂದೇ ಬಗೆಯ, ಸರಿಯಿದೆಯೆಂದು ತಾಳೆ ನೋಡಿದ ಥರ್ಮಾಮೀಟರ್, ಒಂದೇ ಜಾಗ, ಒಂದೇ ಹೊತ್ತು. ಬಿಸಿ ಕಾಫಿ ಕುಡಿದು ಹದಿನೈದು ನಿಮಿಷವಾದರೂ ಆಗಿರಬೇಕು, ನಮ್ಮಲ್ಲಿ ಇದೇ ಕಷ್ಟದ ಕರಾರು. ಎಷ್ಟು ಜನ ಸಾಕು ಎಂಬುದು ಎಷ್ಟು ಸೂಕ್ಷ್ಮವಾದ ಅಂತರವನ್ನು ಹಿಡಿಯಬೇಕು ಎಂಬುದರ ಮೇಲೆ ಹೋಗುತ್ತದೆ. ಚದುರುವಿಕೆ ಇಲ್ಲಿಯೂ 0.7 ಎಂದಿಟ್ಟುಕೊಂಡರೆ, ನಮ್ಮ ಹಳೆಯ 98.4ಕ್ಕೂ ಬಾಲ್ಟಿಮೋರಿನ 98.2ಕ್ಕೂ ಇರುವಷ್ಟು ಅಂತರವನ್ನು ನೂರಕ್ಕೆ ಎಂಬತ್ತು ಸಲ ಪತ್ತೆ ಮಾಡಲು ಸುಮಾರು ನೂರು ಜನ ಸಾಕು. ಅದರ ಅರ್ಧದಷ್ಟು ಅಂತರ, ಡಿಗ್ರಿಯ ಹತ್ತರಲ್ಲಿ ಒಂದು ಭಾಗ, ಕಣ್ಣಿಗೆ ಬೀಳಬೇಕಾದರೆ ನೂರರ ದುಪ್ಪಟ್ಟಲ್ಲ, ನಾಲ್ಕು ಪಟ್ಟು: ನಾನೂರು ಜನ. ಒಂದು ಊರಿನ ಕಾಲೇಜಿನ ಮಕ್ಕಳು, ಒಬ್ಬರು ಮೇಷ್ಟ್ರು, ಒಂದು ಬೇಸಿಗೆ ರಜೆ ಇದ್ದರೆ ಆಗುವ ಕೆಲಸ.